ಲೆನ್ಸಿಗೆ ಕಾಮಾಲೆ ಬಂದಾಗ: ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಹಳದಿ, ಬೂದು, ಮಬ್ಬು ಹುಡುಕುವ ಬಗೆ

"ಎಂತ ಮಾರಾಯ್ರೆ, ನಿಮ್ಮ ಕವರಿಗೆ ಕಾಮಾಲೆ ಬಂದದ್ದಾ?"

ಜೂನ್ ಮೂರನೇ ವಾರ ಮಲ್ಪೆಯಿಂದ ಬಂದ ಫೋನು ಇದು. ಮೀನುಗಾರಿಕೆ ಬೋಟುಗಳಿಗೆ ಎಲ್‌ಇಡಿ ದೀಪ ಜೋಡಿಸಿಕೊಡುವವರು ನಮ್ಮ ಗಿರಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ರಿಪೇರಿ, ಪೈಂಟ್, ವೈರಿಂಗ್ ಎಲ್ಲ ಆ 61 ದಿನಗಳಲ್ಲೇ ಆಗಬೇಕು. ಹಾಗಾಗಿ ಮಂಗಳೂರಿನ ಬೈಕಂಪಾಡಿಯ ನಮ್ಮ ಶೆಡ್ಡಿನಲ್ಲಿ ದೀಪದ ಕವರು, ಲೆನ್ಸು ಮಾಡುವ ಸೀಸನ್ ಸರಿಯಾಗಿ ಜಡಿಮಳೆಯ ನಡುವೆ ಬರುತ್ತದೆ. ಹೊರಗಿನ ಕವರು ಪಾಲಿಕಾರ್ಬೊನೇಟ್, ಒಳಗಿನ ಲೆನ್ಸು ಅಕ್ರಿಲಿಕ್, ಎರಡೂ ಗಾಜಿನ ಹಾಗೆ ಪಾರದರ್ಶಕ ಪ್ಲಾಸ್ಟಿಕ್.

ಕವರು ಹಳದಿ ಎಂದಾಗ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಳದಿ ಮರೆಮಾಡಲು ಮಾಲಿಗೆ ಬೆರೆಸುವ ನೇರಳೆ ಬಣ್ಣದ ಡೋಸ್ ಏರಿಸಿದೆವು. ಮೂರು ದಿನ ಸ್ವಲ್ಪ ಸ್ವಲ್ಪವೇ ಏರಿಸಿ ಕಳಿಸಿದೆವು. ನಾಲ್ಕನೇ ದಿನ ಮತ್ತೆ ಫೋನು. "ಹಳದಿ ಹೋಯಿತು, ಈಗ ಹೊಗೆ ಹಿಡಿದ ಚಿಮಣಿ ಹಾಗೆ ಉಂಟು."

ಆಮೇಲೆ ಹದಿನೈದು ದಿನ ಒಂದೊಂದೇ ಹುಡುಕಿದೆವು. ಆ ಹುಡುಕಾಟದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ, ಅಂದರೆ ಕರಗಿದ ಪ್ಲಾಸ್ಟಿಕನ್ನು ಮೋಲ್ಡಿಗೆ (ಅಚ್ಚಿಗೆ) ಒತ್ತಿ ತುಂಬಿ, ಪಾರದರ್ಶಕ ಮಾಲು ಹೊಡೆಯುವ ಸಣ್ಣ ಶೆಡ್ಡಿನವರಿಗೆ ಇದು ಹೆಚ್ಚು ಉಪಯೋಗ.

ಶುರುವಿಗೆ ಮೊದಲು

ಗಿರಾಕಿ ಕೇಳುವುದು ಆಗುವಂಥದ್ದೇ ಎಂದು ಮೊದಲು ನೋಡಿ. ಅಕ್ರಿಲಿಕ್ ಎಷ್ಟೇ ಶುದ್ಧವಾಗಿದ್ದರೂ ಸುಮಾರು ಶೇ. 92ರಷ್ಟು ಬೆಳಕನ್ನು ಮಾತ್ರ ಬಿಡುತ್ತದೆ. ಉಳಿದದ್ದು ಮಾಲಿನ ತಪ್ಪಲ್ಲ. ಗಾಳಿಯಿಂದ ಪ್ಲಾಸ್ಟಿಕ್‌ಗೆ, ಪ್ಲಾಸ್ಟಿಕ್‌ನಿಂದ ಗಾಳಿಗೆ ದಾಟುವಾಗ ಒಂದೊಂದು ಮೈಯಲ್ಲೂ ಹತ್ತಿರ ಹತ್ತಿರ ಶೇ. 4ರಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಪಾಲಿಕಾರ್ಬೊನೇಟ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಜಾಸ್ತಿ, 1.585ರ ಆಸುಪಾಸು. ಅಕ್ರಿಲಿಕ್‌ನದ್ದು 1.49. ಹಾಗಾಗಿ ಪಾಲಿಕಾರ್ಬೊನೇಟ್‌ನ ಒಂದೊಂದು ಮೈಯಲ್ಲಿ ಶೇ. 5ರಷ್ಟು ಹೋಗುತ್ತದೆ, ಹೆಚ್ಚೆಂದರೆ 90 ಸಿಗುತ್ತದೆ. "95 ಬೇಕು" ಎಂದವರಿಗೆ ಯಾವ ಪುಡಿ ಹಾಕಿದರೂ ಕೊಡಲಾಗದು. ಅದಕ್ಕೆ ಮೇಲೆ ಪ್ರತಿಫಲನ ತಡೆಯುವ ಕೋಟಿಂಗ್ ಬೇಕು.

ಎರಡನೆಯದು, ಮಾಲು ಚೆನ್ನಾಗಿ ಬಂದ ದಿನದ ಒಂದು ಪ್ಲೇಟ್, ಅಂದರೆ ಚಪ್ಪಟೆ ಸ್ಯಾಂಪಲ್ ತುಂಡು, ತೆಗೆದಿಡಿ. 100 ಮಿ.ಮೀ. ಉದ್ದ, 3 ಮಿ.ಮೀ. ದಪ್ಪ ಸಾಕು. ಕಪ್ಪು ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡಿ. ನಮ್ಮಲ್ಲಿ ಇದು ಇರಲಿಲ್ಲ. "ಮೊದಲು ಹೀಗಿತ್ತಾ, ಹಾಗಿತ್ತಾ" ಎಂದು ನೆನಪಿನ ಮೇಲೆ ಜಗಳ ಮಾಡಿದೆವು. ಕೊನೆಗೆ ಗಿರಾಕಿಯ ಗೋಡೌನಿನಲ್ಲಿ ಹೋದ ವರ್ಷದ ಒಂದು ಕವರು ಸಿಕ್ಕಿದ್ದರಿಂದ ಬಚಾವ್.

ಹಳದಿಯಾ, ಬೂದುವಾ, ಮಬ್ಬಾ?

ಫೋನಿನಲ್ಲಿ "ಕ್ಲಿಯರ್ ಇಲ್ಲ" ಎನ್ನುತ್ತಾರೆ. ಅದರಲ್ಲಿ ಮೂರು ರೋಗ ಸೇರಿಕೊಂಡಿವೆ. ಹಳದಿ ಎಂದರೆ ಮಾಲು ನೀಲಿ ಬೆಳಕನ್ನು ನುಂಗುತ್ತಿದೆ. ಬೂದು ಎಂದರೆ ಎಲ್ಲ ಬಣ್ಣವನ್ನೂ ಒಂದಿಷ್ಟು ನುಂಗುತ್ತಿದೆ. ಮಬ್ಬು ಎಂದರೆ ನುಂಗುತ್ತಿಲ್ಲ, ಚದುರಿಸುತ್ತಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ಮೊದಲು ಇದನ್ನು ಬಿಡಿಸಿಕೊಳ್ಳಬೇಕು.

ಪ್ಲೇಟನ್ನು ಅಡ್ಡ ಹಿಡಿದು ನೋಡಬೇಡಿ, ಅಂಚಿನಿಂದ ಉದ್ದಕ್ಕೆ ನೋಡಿ. 3 ಮಿ.ಮೀ.ನಲ್ಲಿ ಕಾಣದ ಹಳದಿ 100 ಮಿ.ಮೀ. ಉದ್ದಕ್ಕೆ ನೋಡಿದಾಗ ಚಹಾದ ಹಾಗೆ ಕಾಣುತ್ತದೆ. ಬೆಳಗ್ಗೆ ಹತ್ತು ಗಂಟೆಯ ಬೆಳಕಿನಲ್ಲಿ, ಉತ್ತರದ ಕಿಟಕಿ ಹತ್ತಿರ ನೋಡಿ. ಟ್ಯೂಬ್‌ಲೈಟ್ ಕೆಳಗೆ ಒಂದೇ ಬಣ್ಣ ಕಂಡ ಎರಡು ಪ್ಲೇಟ್ ಬಿಸಿಲಲ್ಲಿ ಬೇರೆಯಾಗಿ ಕಾಣುವುದುಂಟು.

ಹಿಂದೆ ಏನು ಇಟ್ಟು ನೋಡುತ್ತೀರಿ ಎನ್ನುವುದೂ ಮುಖ್ಯ. ನಾವು ಜೆರಾಕ್ಸ್ ಹಾಳೆ ಇಟ್ಟು ನೋಡುತ್ತಿದ್ದೆವು. ಆ ಹಾಳೆಗೇ ಬಿಳುಪು ಹೆಚ್ಚಿಸುವ ಬ್ರೈಟ್ನರ್ ಹಾಕಿರುತ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಕುಡಿದು ನೀಲಿ ಉಗುಳುತ್ತದೆ. ಮೇಲೆ ಇಟ್ಟ ಪಾಲಿಕಾರ್ಬೊನೇಟ್ ಪ್ಲೇಟ್ ಆ ನೇರಳಾತೀತವನ್ನೇ ತಡೆದರೆ, ಹಾಳೆಯ ನೀಲಿ ಹೊಳಪು ಅಷ್ಟು ಜಾಗದಲ್ಲಿ ಆರುತ್ತದೆ. ಒಳ್ಳೆಯ ಪ್ಲೇಟ್ ಕೂಡ ಹಳದಿಯಾಗಿ ಕಾಣುತ್ತದೆ! ಬಾತ್‌ರೂಮಿನ ಬಿಳಿ ಗ್ಲೇಜ್ಡ್ ಟೈಲ್ ಒಂದು ತುಂಡು ತಂದಿಟ್ಟುಕೊಳ್ಳಿ. ಅದರ ಮೇಲೆ ಹೋಲಿಸಿದರೆ ಮೋಸ ಇಲ್ಲ.

ಬೂದು ಹಿಡಿಯಲು ಒಂದು ರಟ್ಟಿನ ಪೆಟ್ಟಿಗೆ, ಒಂದು ಎಲ್‌ಇಡಿ ಬಲ್ಬು, ಬೆಳಕು ಅಳೆಯುವ ಒಂದು ಸಾದಾ ಲಕ್ಸ್ ಮೀಟರ್ ಸಾಕು. ಪ್ಲೇಟ್ ಇಲ್ಲದೆ ಒಂದು ರೀಡಿಂಗ್, ಇಟ್ಟು ಒಂದು ರೀಡಿಂಗ್. ಇದು ಲ್ಯಾಬಿನ ಲೆಕ್ಕವಲ್ಲ, ನಿಜ. ಆದರೆ ಹೋದ ವರ್ಷದ ಕವರಿಗಿಂತ ನೇರಳೆ ಜಾಸ್ತಿ ಹಾಕಿದ ಕವರು ಕಡಿಮೆ ಬೆಳಕು ಬಿಡುತ್ತಿದೆ ಎಂದು ನಮಗೆ ಗೊತ್ತಾಗಿದ್ದು ಈ ಪೆಟ್ಟಿಗೆಯಿಂದಲೇ. ಕಣ್ಣಿಗೆ ಎರಡೂ ಬಿಳಿಯೇ.

ಮಬ್ಬಿಗೆ ತೆಂಗಿನೆಣ್ಣೆ ಪರೀಕ್ಷೆ. ಪ್ಲೇಟಿನ ಅರ್ಧಕ್ಕೆ ಎರಡೂ ಬದಿ ತೆಳುವಾಗಿ ತೆಂಗಿನೆಣ್ಣೆ ಸವರಿ ಬೆಳಕಿಗೆ ಹಿಡಿಯಿರಿ. ಎಣ್ಣೆ ಸವರಿದ ಕಡೆ ಮಬ್ಬು ಮಾಯವಾದರೆ ದೋಷ ಮೇಲ್ಮೈಯಲ್ಲಿದೆ: ಮೋಲ್ಡಿನ ಪಾಲಿಶ್, ಸ್ಪ್ರೇ, ಗೀರು. ಹಾಗೇ ಉಳಿದರೆ ದೋಷ ಒಳಗಿದೆ. ಎಣ್ಣೆಯ ಸೂಚ್ಯಂಕ 1.45ರ ಹತ್ತಿರ, ಅಂದರೆ ಗಾಳಿಗಿಂತ ಪ್ಲಾಸ್ಟಿಕ್‌ಗೆ ತುಂಬಾ ಹತ್ತಿರ. ಮೇಲಿನ ಒರಟುತನವನ್ನು ಅದು ತುಂಬಿ ಮುಚ್ಚುತ್ತದೆ. ಒದ್ದೆ ಮಾಡಿದ ಗ್ರೌಂಡ್ ಗ್ಲಾಸ್ ಕಿಟಕಿಯಲ್ಲಿ ಆಚೆ ಕಡೆ ಕಾಣುತ್ತದಲ್ಲ, ಅದೇ. ಪರೀಕ್ಷೆಗೆ ಬಳಸಿದ ತುಂಡನ್ನು ಮಾಲಿಗೆ ಸೇರಿಸಬೇಡಿ. ಒತ್ತಡ ಉಳಿದಿರುವ ಪಾಲಿಕಾರ್ಬೊನೇಟ್‌ಗೆ ಎಣ್ಣೆ ಆಗಿಬರುವುದಿಲ್ಲ, ಬಿರುಕು ಬಿಡಬಹುದು.

ಮಳೆಯ ಮೇಲೆ ಗೂಬೆ

ನಮ್ಮದು ಹಳದಿ ಎಂದು ಖಾತ್ರಿಯಾಯಿತು. ಮೇಲೆ ನಾವೇ ಬೂದು ಬಳಿದಿದ್ದೆವು. ಹಳದಿ ಎಲ್ಲಿಂದ?

"ಮಳೆ ಅಣ್ಣ, ಮಾಲು ಥಂಡಿ ಹಿಡಿದದ್ದು" ಎಂದರು ಆಪರೇಟರ್. ಮಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಏನು ಕೆಟ್ಟರೂ ಮಳೆಯೇ ಕಾರಣ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಸುರಿಯುವ ಊರು, ಗೋಡೆಗೆ ಕೈ ಇಟ್ಟರೆ ಒದ್ದೆ. ನಂಬದೆ ಇರುವುದು ಹೇಗೆ? ನಾನೂ ನಂಬಿದೆ.

ತೇವ ಏನು ಮಾಡುತ್ತದೆ ಎನ್ನುವುದನ್ನು ಸರಿಯಾಗಿ ತಿಳಿದುಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಪಾಲಿಕಾರ್ಬೊನೇಟ್‌ನಲ್ಲಿ ತೇವ ಶೇ. 0.02ಕ್ಕಿಂತ ಕೆಳಗೆ ಇಳಿಯಬೇಕು. ಜಾಸ್ತಿ ಇದ್ದರೆ, ಮಾಲು ಕರಗಿಸುವ ಬ್ಯಾರಲಿನ ಬಿಸಿಯಲ್ಲಿ ನೀರು ಅದರ ಉದ್ದ ಸರಪಳಿಗಳನ್ನು ಕತ್ತರಿಸುತ್ತದೆ. ಕಣ್ಣಿಗೆ ಕಾಣುವುದು ಮುಖ್ಯವಾಗಿ ಬೆಳ್ಳಿ ಗೆರೆ, ಗುಳ್ಳೆ. ಕೈಗೆ ಸಿಗುವುದು ತುಂಡು ಸುಲಭವಾಗಿ ಮುರಿಯುವ ಗುಣ. ಸುಮ್ನೆ ಹಳದಿಯಾಗಿ, ಗೆರೆ ಇಲ್ಲದೆ, ಗಟ್ಟಿಯಾಗಿಯೇ ಉಳಿದರೆ ತೇವದ ಮೇಲೆ ಸಂಶಯ ಕಡಿಮೆ ಮಾಡಿ. ನಮ್ಮ ಕವರನ್ನು ನೆಲಕ್ಕೆ ಹಾಕಿ ಸುತ್ತಿಗೆಯಲ್ಲಿ ಹೊಡೆದೆವು. ಬಗ್ಗಿತು, ಮುರಿಯಲಿಲ್ಲ.

ತೇವ ಉಂಟಾ ಎಂದು ನೋಡಲು ಸುಲಭ ದಾರಿ: ಮೋಲ್ಡಿನಿಂದ ಬ್ಯಾರಲಿನ ಬಾಯಿ, ಅಂದರೆ ನಾಜಲ್, ಹಿಂದೆ ತೆಗೆದು ಒಂದು ಶಾಟ್ (ಒಂದು ಸಲಕ್ಕೆ ತಳ್ಳುವ ಮಾಲು) ಗಾಳಿಗೆ ಬಿಡಿ. ಕರಗಿದ ಮಾಲು ಗಾಜಿನ ಹಗ್ಗದ ಹಾಗೆ ಇಳಿದರೆ ಒಣಗಿದೆ. ನೊರೆ ನೊರೆಯಾಗಿ, ಪಟಪಟ ಸದ್ದು ಮಾಡಿಕೊಂಡು ಬಂದರೆ ಒಣಗಿಲ್ಲ.

ಆದರೂ ಒಣಗಿಸುವ ವಿಷಯ ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಕರಾವಳಿಯಲ್ಲಿ ಇದು ಬೇರೆ ಊರುಗಳ ಹಾಗಲ್ಲ. ಪ್ಲಾಸ್ಟಿಕ್ ಕಾಳು ಸುರಿಯುವ ಹಾಪರಿಗೆ ಬರೀ ಬಿಸಿಗಾಳಿ ಊದುವ ಡ್ರೈಯರ್ ಹೊರಗಿನ ಗಾಳಿಯನ್ನೇ ಎಳೆದು ಬಿಸಿ ಮಾಡುತ್ತದೆ. ಗಾಳಿ ಬಿಸಿಯಾಯಿತು ಎಂದು ಅದರಲ್ಲಿರುವ ನೀರು ಎಲ್ಲಿಗೂ ಹೋಗುವುದಿಲ್ಲ. ಜನವರಿಯಲ್ಲಿ ಸಾಕಾದ 4 ಗಂಟೆ ಜುಲೈನಲ್ಲಿ ಸಾಕಾಗುವುದಿಲ್ಲ. ಗಾಳಿಯ ನೀರನ್ನೇ ಹೀರಿ ತೆಗೆಯುವ ಡಿಹ್ಯುಮಿಡಿಫೈಯಿಂಗ್ ಡ್ರೈಯರ್ ಇದ್ದರೆ ಮಾತ್ರ 120 ಡಿಗ್ರಿಯಲ್ಲಿ 3–4 ಗಂಟೆಯ ಲೆಕ್ಕವನ್ನು ನಂಬಬಹುದು. ಅಕ್ರಿಲಿಕ್‌ಗೆ 80–90 ಡಿಗ್ರಿ ಸಾಕು, ಜಾಸ್ತಿ ಕೊಟ್ಟರೆ ಕಾಳುಗಳು ಒಂದಕ್ಕೊಂದು ಅಂಟಿ ಹಾಪರಿನಲ್ಲಿ ಬೆಲ್ಲದ ಅಚ್ಚಿನ ಹಾಗೆ ಕೂರುತ್ತವೆ. ಒಣಗಿದ ಕಾಳನ್ನು ಮುಚ್ಚಳವಿಲ್ಲದ ಬಕೆಟಿನಲ್ಲಿ ತಂದು ಮೆಷಿನ್ ಪಕ್ಕ ಇಟ್ಟು ಚಹಾಕ್ಕೆ ಹೋದರೆ, ಒಣಗಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಸೇರಿಸುವ ಮೊದಲು ತೆಗೆಯಿರಿ

ಇಲ್ಲಿ ನಾವು ದಾರಿ ಬದಲಿಸಿದೆವು. ಒಂದು ಬೆಳಗ್ಗೆ ನೇರಳೆ, ಬಿಸಿಲಿನ ನೇರಳಾತೀತ ತಡೆಯಲು ಹಾಕುವ ಯುವಿ ಪುಡಿ, ಗ್ರೈಂಡ್ ಮಾಡಿದ ಹಳೇ ಮಾಲು, ಎಲ್ಲವನ್ನೂ ನಿಲ್ಲಿಸಿದೆವು. ಹೊಸ ಚೀಲ ಬಿಚ್ಚಿ, ಒಣಗಿಸಿ, ಬರೀ ಅದನ್ನೇ ಹೊಡೆದೆವು. ಬ್ಯಾರಲಿನಲ್ಲಿದ್ದ ಹಳೆಯದು ಪೂರ್ತಿ ಹೊರಗೆ ಬರಲು 30 ಶಾಟ್ ಎಸೆದು, ಆಮೇಲಿನದ್ದನ್ನು ನೋಡಿದೆವು.

ಹಳದಿ ಹಾಗೆಯೇ ಇತ್ತು.

ಇದೇ ನನ್ನ ಪ್ರಕಾರ ಇಡೀ ಕೆಲಸದ ಮುಖ್ಯ ಹೆಜ್ಜೆ. ಸಾದಾ ಮಾಲು ಬಿಳಿ ಬಂದಿದ್ದರೆ ತಪ್ಪು ನಾವು ಸೇರಿಸಿದ್ದರಲ್ಲಿ. ಹಳದಿ ಬಂದರೆ ತಪ್ಪು ಮಾಲಿನಲ್ಲಿ, ಇಲ್ಲವೇ ಮೆಷಿನಿನಲ್ಲಿ. ಅದೇ ಚೀಲದ ಕಾಳನ್ನು ಪರಿಚಯದವರ ಮೆಷಿನಿನಲ್ಲಿ ಹತ್ತು ಶಾಟ್ ಹೊಡೆಸಿ ತಂದೆವು. ಅದು ನೀರಿನ ಹಾಗೆ ಬಂತು. ಉಳಿದದ್ದು ಮೆಷಿನ್ ಒಂದೇ.

ಮೆಷಿನ್ ಎಂದಾಗ ನೆನಪಾಯಿತು. ಜೂನ್ ಎರಡನೇ ವಾರ, ಗುಡುಗು ಸಿಡಿಲಿನ ಒಂದು ರಾತ್ರಿ ಸಣ್ಣ ಮೆಷಿನಿನ ಹೀಟರ್ ಕಂಟ್ರೋಲರ್ ಸುಟ್ಟುಹೋಗಿತ್ತು. ಮೋಲ್ಡನ್ನು ಬಿಚ್ಚಿ ದೊಡ್ಡ ಮೆಷಿನಿಗೆ ಹಾಕಿದ್ದೆವು. ಹಳದಿ ಶುರುವಾದದ್ದು ಅಂದಿನಿಂದಲೇ. ಮಳೆ ಜೋರಾದದ್ದೂ ಅದೇ ವಾರ. ಎರಡರಲ್ಲಿ ನಾವು ಮಳೆಯನ್ನು ಹಿಡಿದುಕೊಂಡೆವು.

ಮಾಲು ಬಿಸಿ ಬ್ಯಾರಲಿನಲ್ಲಿ ಎಷ್ಟು ಹೊತ್ತು ಕೂರುತ್ತದೆ ಎನ್ನುವ ಲೆಕ್ಕ ಹೀಗೆ. ಬ್ಯಾರಲಿನಲ್ಲಿ ನಿಲ್ಲುವ ಮಾಲನ್ನು ಒಂದು ಶಾಟಿನ ತೂಕದಿಂದ ಭಾಗಿಸಿ, ಸೈಕಲ್ ಸಮಯದಿಂದ (ಒಂದು ಶಾಟಿಗೆ ಹಿಡಿಯುವ ಹೊತ್ತು) ಗುಣಿಸಿ. ನಮ್ಮ ಶಾಟ್ ರನ್ನರ್ (ಮೋಲ್ಡಿಗೆ ಹೋಗುವ ದಾರಿಯಲ್ಲಿ ಉಳಿಯುವ ಮಾಲು) ಸೇರಿ 16 ಗ್ರಾಂ, ಸೈಕಲ್ 45 ಸೆಕೆಂಡ್. ಸಣ್ಣ ಮೆಷಿನಿನಲ್ಲಿ ಸುಮಾರು 80 ಗ್ರಾಂ ನಿಲ್ಲುತ್ತದೆ: 5 ಶಾಟ್, 225 ಸೆಕೆಂಡ್, ನಾಲ್ಕು ನಿಮಿಷವೂ ಇಲ್ಲ. ದೊಡ್ಡದರಲ್ಲಿ 240 ಗ್ರಾಂ: 15 ಶಾಟ್, 675 ಸೆಕೆಂಡ್. ಹನ್ನೊಂದು ನಿಮಿಷದ ಮೇಲೆ. ಅಷ್ಟೂ ಹೊತ್ತು 300 ಡಿಗ್ರಿಯಲ್ಲಿ ಕೂತ ಪಾಲಿಕಾರ್ಬೊನೇಟ್ ಹಳದಿಯಾಗದೆ ಏನಾದೀತು?

ಸೂಕ್ಷ್ಮ ಪ್ರಮಾಣದ ಸೇರ್ಪಡೆಗಳ ಕತೆ ಇಲ್ಲಿಗೆ ಬಂದು ಕೂಡುತ್ತದೆ. ಕಂಪನಿಯಿಂದ ಬರುವ ಕಾಳಿನಲ್ಲೇ ಬಿಸಿ ತಡೆಯುವ ಸ್ಟೆಬಿಲೈಸರ್ ಸ್ವಲ್ಪ ಇರುತ್ತದೆ, ಸಾಮಾನ್ಯವಾಗಿ ಫಾಸ್ಫೈಟ್ ಜಾತಿಯದು. ಬಿಸಿಯಲ್ಲಿ ಆಮ್ಲಜನಕದ ಹಾವಳಿಯನ್ನು ಅದು ತಾನು ಸುಟ್ಟುಕೊಂಡು ತಡೆಯುತ್ತದೆ. ಅದು ಕಿಸೆಯಲ್ಲಿರುವ ಚಿಲ್ಲರೆ ಇದ್ದ ಹಾಗೆ, ಪ್ರತಿ ನಿಮಿಷವೂ ಖರ್ಚು. ನಾಲ್ಕು ನಿಮಿಷಕ್ಕೆ ಸಾಕಾದದ್ದು ಹನ್ನೊಂದಕ್ಕೆ ಸಾಕಾಗುವುದಿಲ್ಲ. ಗ್ರೈಂಡ್ ಮಾಡಿದ ರನ್ನರ್ ಒಂದು ಸಲ ಬ್ಯಾರಲ್ ಕಂಡು ಬಂದದ್ದು, ಅದರ ಕಿಸೆ ಮೊದಲೇ ಹಗುರ. ಪಾರದರ್ಶಕ ಮಾಲಿಗೆ ಹಳೇ ರನ್ನರ್ ಸೇರಿಸಿದಾಗ ಹಳದಿ ಏರುವುದಕ್ಕೆ ಅರ್ಧ ಕಾರಣ ಇದು. ಇನ್ನರ್ಧ ಗ್ರೈಂಡರಿನ ಧೂಳು.

ಬ್ಯಾರಲಿನ ಹಿಂದಿನ ಭಾಗಗಳ ಬಿಸಿ ಇಳಿಸಿದೆವು, ನಾಜಲ್ ಹತ್ತಿರ 285ಕ್ಕೆ ತಂದೆವು, ಸ್ಕ್ರೂ ತಿರುಗುವ ವೇಗ ತಗ್ಗಿಸಿದೆವು. ತುಂಬಾ ಇಳಿಸಿದರೆ ಮಾಲು ಮೋಲ್ಡಿನ ಮೂಲೆಗೆ ಹೋಗುವುದಿಲ್ಲ, ಒತ್ತಡ ಹಾಕಿ ತುರುಕಬೇಕಾಗುತ್ತದೆ, ಕವರಿನಲ್ಲಿ ಬಿಗಿ ಉಳಿದು ಮುಂದೆ ಬಿರುಕು. ಹಾಗಾಗಿ 5 ಡಿಗ್ರಿಯ ಹೆಜ್ಜೆ. ಹಳದಿ ಮುಕ್ಕಾಲು ಪಾಲು ಅಲ್ಲೇ ಇಳಿಯಿತು. ಉಳಿದದ್ದು ಸಣ್ಣ ಮೆಷಿನ್ ರಿಪೇರಿಯಾಗಿ ಮೋಲ್ಡ್ ವಾಪಸ್ ಹೋದ ದಿನ ಹೋಯಿತು.

ನೇರಳೆ ಎಂಬ ನೀಲಿ

ಬಿಳಿ ಪಂಚೆಗೆ ನೀಲಿ ಅದ್ದುವುದು ನಮಗೆಲ್ಲ ಗೊತ್ತು. ಪಂಚೆಯ ಹಳದಿ ನೀಲಿಯಿಂದ ಹೋಗುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಜಾಸ್ತಿ ಅದ್ದಿದರೆ ಪಂಚೆ ಬೂದಿ ಬಣ್ಣ. ಲೆನ್ಸಿನ ನೇರಳೆಯೂ ಇದೇ. ಹಳದಿ ಮಾಲು ಸ್ಪೆಕ್ಟ್ರಮ್ಮಿನ ನೀಲಿ ತುದಿಯನ್ನು ನುಂಗಿದೆ. ನೇರಳೆ ಡೈ 580 ನ್ಯಾನೋಮೀಟರ್ ಆಸುಪಾಸಿನ ಹಳದಿ-ಕಿತ್ತಳೆ ಬೆಳಕನ್ನು ನುಂಗುತ್ತದೆ. ಎರಡೂ ಕಡೆ ಒಂದೇ ಸಮ ಕಡಿದ ಮೇಲೆ ಬಣ್ಣ ಕಾಣುವುದಿಲ್ಲ. ಆದರೆ ಬೆಳಕು ಎರಡು ಸಲ ಕಡಿದುಹೋಯಿತು. ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು 555 ನ್ಯಾನೋಮೀಟರ್ ಹತ್ತಿರ. ನೇರಳೆ ಅದರ ಪಕ್ಕದಲ್ಲೇ ಕಡಿಯುವುದರಿಂದ ಮಂಕು ಬೇಗ ಗೊತ್ತಾಗುತ್ತದೆ. ಕತ್ತಲ ಕಡಲಿನಲ್ಲಿ ಬಲೆ ಎಳೆಯುವವರಿಗೆ ಬಣ್ಣಕ್ಕಿಂತ ಬೆಳಕು ಮುಖ್ಯ ಅಲ್ವಾ?

ಪಂಚೆಯ ನೀಲಿ ಪುಡಿಯನ್ನೇ ಹಾಕಬಹುದಾ ಎಂದು ಯಾರೋ ಒಮ್ಮೆ ಕೇಳಿದ್ದರು. ಬೇಡ. ಹಳೇ ಕಾಲದ ನೀಲಿ ಪುಡಿ ಅಲ್ಟ್ರಾಮರೀನ್, ಅದು ಪಿಗ್ಮೆಂಟ್. ಪ್ಲಾಸ್ಟಿಕ್‌ನಲ್ಲಿ ಕರಗುವುದಿಲ್ಲ, ಕಣ ಕಣವಾಗಿ ಉಳಿದು ಬೆಳಕನ್ನು ಚದುರಿಸುತ್ತದೆ. ಲೆನ್ಸಿಗೆ ಬೇಕಾದದ್ದು ಪೂರ್ತಿ ಕರಗುವ ಡೈ. ಪಾಲಿಕಾರ್ಬೊನೇಟ್‌ನ ಬಿಸಿ ತಡೆಯಬಲ್ಲದ್ದು ಆಂಥ್ರಾಕ್ವಿನೋನ್ ಜಾತಿಯದು. ಸಾಲ್ವೆಂಟ್ ವೈಲೆಟ್ 13 ಎನ್ನುವುದು ಹೆಚ್ಚು ಬಳಕೆಯಲ್ಲಿದೆ.

ಡೋಸ್ ವಿಷಯಕ್ಕೆ ಬಂದರೆ ಇಲ್ಲೇ ಹೆಚ್ಚಿನವರು ಬೀಳುವುದು. ಬೇಕಾದದ್ದು ಒಂದು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಆಸುಪಾಸು, ಎಷ್ಟೋ ಸಲ ಅದಕ್ಕಿಂತ ಕಡಿಮೆ. 25 ಕೆ.ಜಿ. ಚೀಲಕ್ಕೆ ಒಂದು ಪಿಪಿಎಂ ಎಂದರೆ 25 ಮಿಲಿಗ್ರಾಂ. ಹೆಚ್ಚುಕಡಿಮೆ ಒಂದು ಕುಚ್ಚಲಕ್ಕಿ ಕಾಳಿನ ತೂಕ! ಇಡೀ ಚೀಲಕ್ಕೆ ಒಂದು ಅಕ್ಕಿಕಾಳಿನಷ್ಟು ಪುಡಿ. ನಮ್ಮ ಶೆಡ್ಡಿನ ತಕ್ಕಡಿ ಒಂದು ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲ. "ಚಿಟಿಕೆ" ಎಂದು ಬೆರಳಲ್ಲಿ ಹಾಕಿದರೆ ಅದು ಹತ್ತು ಪಟ್ಟು ಆಗಿರುತ್ತದೆ.

ಹಾಗಾಗಿ ಏಣಿ ಇಳಿಯಬೇಕು. ಒಂದು ಗ್ರಾಂ ಡೈಯನ್ನು ಅದೇ ಮಾಲಿನ ನುಣುಪು ಪುಡಿಯಲ್ಲಿ ಬೆರೆಸಿ ಒಟ್ಟು ಒಂದು ಕೆ.ಜಿ. ಮಾಡಿದರೆ, ಅದರ ಒಂದೊಂದು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಡೈ. ಅದರಿಂದ 25 ಗ್ರಾಂ ತೂಗಿ 25 ಕೆ.ಜಿ.ಗೆ ಹಾಕಿದರೆ ಒಂದು ಪಿಪಿಎಂ. 25 ಗ್ರಾಂ ಎಂದರೆ ಯಾವ ತಕ್ಕಡಿಯೂ ತೂಗುತ್ತದೆ. ಆದರೆ ಒಣ ಪುಡಿ ಕಾಳಿನ ಮೇಲೆ ಸಮವಾಗಿ ಕೂರುವುದಿಲ್ಲ, ಹಾಪರಿನ ತಳಕ್ಕೆ ಜಾರಿ ಮೊದಲ ಶಾಟ್ ನೇರಳೆ, ಕೊನೆಯದು ಸಾದಾ. ಪ್ರಯೋಗಕ್ಕೆ ಸರಿ, ದಿನದ ಕೆಲಸಕ್ಕೆ ಅಲ್ಲ. ಪುಡಿ ತೂಗುವಾಗ ಮಾಸ್ಕ್, ಗ್ಲೌಸ್ ಹಾಕಿ, ಫ್ಯಾನ್ ಆಫ್ ಮಾಡಿ. ನಾವು ಆಫ್ ಮಾಡಿರಲಿಲ್ಲ. ಪಕ್ಕದ ಮೆಷಿನಿನ ಬಿಳಿ ಬಾಟಲಿ ಮುಚ್ಚಳಗಳಿಗೆಲ್ಲ ಎರಡು ದಿನ ನೇರಳೆ ಚುಕ್ಕಿ.

ದಿನದ ಕೆಲಸಕ್ಕೆ ಮಾಸ್ಟರ್‌ಬ್ಯಾಚ್ ಮಾಡಿಸಿಕೊಳ್ಳಿ, ಅಂದರೆ ಡೈಯನ್ನು ಮೊದಲೇ ಕರಗಿಸಿ ಬೆರೆಸಿದ ಕಾಳು. ಆರ್ಡರ್ ಕೊಡುವಾಗ ಒಂದೇ ಒಂದು ಮಾತು ಒತ್ತಿ ಹೇಳಿ: ಹೊರುವ ಮಾಲು ಯಾವುದು? ಪಾಲಿಕಾರ್ಬೊನೇಟ್‌ಗೆ ಪಾಲಿಕಾರ್ಬೊನೇಟ್‌ನಲ್ಲೇ, ಅಕ್ರಿಲಿಕ್‌ಗೆ ಅಕ್ರಿಲಿಕ್‌ನಲ್ಲೇ. "ಎಲ್ಲದಕ್ಕೂ ಆಗುತ್ತದೆ" ಎಂದು ಮಾರುವ ಮಾಸ್ಟರ್‌ಬ್ಯಾಚ್‌ನಲ್ಲಿ ಹೊರುವುದು ಸಾಮಾನ್ಯವಾಗಿ ಪಾಲಿಥೀನ್ ಅಥವಾ ಮೇಣದಂಥ ವಸ್ತು. ಬಕೆಟು, ಕುರ್ಚಿಗೆ ಅದು ಸರಿ. ಪಾರದರ್ಶಕ ಮಾಲಿನಲ್ಲಿ ಅದು ಬೆರೆಯದೆ ಸಣ್ಣ ಹನಿಗಳಾಗಿ ನಿಂತು, ನೀರಿಗೆ ಬಿದ್ದ ಹಾಲಿನ ಹನಿಯ ಹಾಗೆ ಮಬ್ಬು ಕೊಡುತ್ತದೆ.

ದಪ್ಪವೂ ಲೆಕ್ಕಕ್ಕೆ ಬರುತ್ತದೆ. 2 ಮಿ.ಮೀ. ಕವರಿಗೆ ಕೂಡಿಬಂದ ಡೋಸನ್ನು 12 ಮಿ.ಮೀ. ಲೆನ್ಸಿಗೆ ಹಾಗೇ ಹಾಕಿದರೆ ಬೆಳಕು ಆರು ಪಟ್ಟು ದಾರಿ ನಡೆಯುತ್ತದೆ. ಹಳದಿಯೂ ಆರು ಪಟ್ಟು, ನೇರಳೆಯೂ ಆರು ಪಟ್ಟು. ಬಣ್ಣ ಸಮವಾಗಿಯೇ ಇರಬಹುದು, ಮಂಕು ಮಾತ್ರ ಎದ್ದು ಕಾಣುತ್ತದೆ. ದಪ್ಪ ಲೆನ್ಸಿಗೆ ಬಿಳಿ ಮಾಲು ಹುಡುಕಬೇಕೇ ಹೊರತು ನೇರಳೆ ಅಲ್ಲ.

ಯುವಿ ಪುಡಿ, ಬ್ರೈಟ್ನರ್, ಮತ್ತೆ ಕೆಲವು

ಬೋಟಿನ ದೀಪ ಬಿಸಿಲಿಗೆ ಇರುವುದರಿಂದ ಯುವಿ ಅಬ್ಸಾರ್ಬರ್ ಬೇಕು. ಆದರೆ ಇದು ಪಿಪಿಎಂ ಆಟವಲ್ಲ, ಪಾಲಿಕಾರ್ಬೊನೇಟ್‌ಗೆ ಶೇ. 0.1ರಿಂದ 0.3ರಷ್ಟು ಹಾಕುವುದು ರೂಢಿ. ಬೆಂಜೋಟ್ರಯಝೋಲ್ ಜಾತಿಯವು 380–400 ನ್ಯಾನೋಮೀಟರ್‌ವರೆಗೆ ನುಂಗುತ್ತವೆ. ಆ ನುಂಗುವಿಕೆಯ ಬಾಲ 400 ದಾಟಿ ನೀಲಿಗೂ ತಾಗುತ್ತದೆ. ಅಂದರೆ ಹಳದಿ ಆಗದ ಹಾಗೆ ಹಾಕಿದ್ದೇ ತುಸು ಹಳದಿ ಕೊಡುತ್ತದೆ! ಜಾಸ್ತಿ ಹಾಕಿದರೆ ಜಾಸ್ತಿ ಕಾಯುತ್ತದೆ ಎಂದು ಡಬಲ್ ಮಾಡಬೇಡಿ. ಯುವಿ ಮೊದಲೇ ಹಾಕಿದ ಗ್ರೇಡ್ ಕೊಂಡು, ಮೇಲೆ ನೀವೂ ಹಾಕುತ್ತಿದ್ದೀರಾ ಎಂದು ಚೀಲದ ಮೇಲಿನ ಗ್ರೇಡ್ ನಂಬರ್ ನೋಡಿ. ನಾವು ಎರಡು ವರ್ಷ ಹಾಗೆ ಹಾಕಿದ್ದೆವು.

ಇನ್ನೊಂದು, ಈ ಪುಡಿಗಳಿಗೂ ಫಿನಾಲ್ ಜಾತಿಯ ಆಂಟಿಆಕ್ಸಿಡೆಂಟ್‌ಗಳಿಗೂ ಕಬ್ಬಿಣದ ತುಕ್ಕು ಆಗದು. ಕಬ್ಬಿಣದ ಅಂಶದೊಂದಿಗೆ ಸೇರಿ ಅವು ಬಣ್ಣ ಕಟ್ಟುತ್ತವೆ. ಕಡಲ ಗಾಳಿಯಲ್ಲಿ ತುಕ್ಕು ಹಿಡಿದ ಡಬ್ಬಿ, ತುಕ್ಕು ಹಿಡಿದ ಚಮಚ ಪುಡಿಯ ಹತ್ತಿರ ತರಬೇಡಿ. ಸ್ಟೀಲ್ ಇಲ್ಲವೇ ಪ್ಲಾಸ್ಟಿಕ್ ಬಳಸಿ. ಫಾಸ್ಫೈಟ್ ಸ್ಟೆಬಿಲೈಸರನ್ನು ನೀವೇ ಸೇರಿಸುವವರಾದರೆ ಚೀಲದ ಬಾಯಿ ಗಾಳಿಯಾಡದಂತೆ ಕಟ್ಟಿ. ಅವುಗಳಲ್ಲಿ ಕೆಲವು ತೇವಕ್ಕೆ ಒಡೆದು ಹುಳಿಯಾಗುತ್ತವೆ. ಹುಳಿಯಾದದ್ದು ಮಾಲನ್ನು ಕಾಯುವ ಬದಲು ಕಡಿಯುತ್ತದೆ. ಪುಡಿ ಗಂಟು ಕಟ್ಟಿದ್ದರೆ ಕಾಸಿನ ಮುಖ ನೋಡದೆ ಬಿಸಾಡಿ.

ಬ್ರೈಟ್ನರ್ ಬಗ್ಗೆ ನನ್ನ ಅಭಿಪ್ರಾಯ ಖಡಕ್: ಲೆನ್ಸಿಗೆ ಬೇಡವೇ ಬೇಡ. ಬಿಸಿಲಲ್ಲಿ ಮಾತ್ರ ಹೊಳೆಯುತ್ತದೆ, ಯುವಿ ಅಬ್ಸಾರ್ಬರ್ ಜತೆ ಹಾಕಿದರೆ ಎರಡೂ ಒಂದೇ ಅನ್ನಕ್ಕೆ ಕಿತ್ತಾಡುತ್ತವೆ. ನೀವು ಹಾಕದಿದ್ದರೂ ಅಗ್ಗದ ಮಾಲಿನಲ್ಲಿ ಅಡಗಿ ಬಂದಿರಬಹುದು. ಅಂಗಡಿಯಲ್ಲಿ ನೋಟು ನೋಡುವ ನೇರಳೆ ಟಾರ್ಚ್ ತಂದು ಕತ್ತಲಲ್ಲಿ ಕಾಳಿನ ಮೇಲೆ ಹಾಯಿಸಿ. ಜೆರಾಕ್ಸ್ ಹಾಳೆಯ ಹಾಗೆ ನೀಲಿಯಾಗಿ ಉರಿದರೆ ಬ್ರೈಟ್ನರ್ ಉಂಟು ಎಂದೇ ಲೆಕ್ಕ.

ಉಡುಪಿ, ಮಣಿಪಾಲ ಕಡೆ ಎಪಾಕ್ಸಿ ಸುರಿದು ಟೇಬಲ್, ಕೀಚೈನ್ ಮಾಡುವವರು ಈಗ ಜಾಸ್ತಿ. ಅವರ ಹಳದಿಯ ಕತೆ ಬೇರೆ. ಅಲ್ಲಿ ಅಪರಾಧಿ ಹೆಚ್ಚಾಗಿ ಅಮೀನ್ ಹಾರ್ಡ್ನರ್, ಹಳೆಯದಾದಷ್ಟೂ ಬಾಟಲಿಯಲ್ಲೇ ಹಳದಿ. ಮಳೆಗಾಲದಲ್ಲಿ ಮೇಲೆ ಜಿಡ್ಡು ಜಿಡ್ಡಾದ ಬಿಳಿ ಪೊರೆ ಬಂದರೆ ಅದು ಅಮೀನ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜತೆ ಸೇರಿದ್ದು. ಬಿಸಿ ನೀರು, ಸೋಪಿನಲ್ಲಿ ಒರೆಸಿದರೆ ಹೋಗುತ್ತದೆ. ಪಾಲಿಯೆಸ್ಟರ್ ರೆಸಿನ್ ಗುಲಾಬಿಯಾಗಿ ಬಂದರೆ ಅದರಲ್ಲಿರುವ ಕೋಬಾಲ್ಟ್ ನೋಡಿ. ಕನ್ನಡಕದ ಸಿಆರ್-39 ಎರಕ ಮಾಡುವಲ್ಲಿ ಪೆರಾಕ್ಸೈಡ್ ಹಾಕಿ ಗಟ್ಟಿ ಮಾಡುತ್ತಾರೆ, ಅದು ಎಷ್ಟೋ ಡೈಗಳನ್ನು ಬ್ಲೀಚ್ ಮಾಡಿಬಿಡುತ್ತದೆ. ಹಾಗಾಗಿ ನಮ್ಮ ನೇರಳೆ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮಬ್ಬು ಒಳಗಿದ್ದರೆ

ಎಣ್ಣೆ ಸವರಿದರೂ ಹೋಗದ ಮಬ್ಬಿಗೆ ಮೊದಲ ಪ್ರಶ್ನೆ: ಈ ಬ್ಯಾರಲಿನಲ್ಲಿ ಇದಕ್ಕೆ ಮೊದಲು ಏನು ಓಡುತ್ತಿತ್ತು? ಅಕ್ರಿಲಿಕ್ ಪಾರದರ್ಶಕ, ಪಾಲಿಕಾರ್ಬೊನೇಟ್ ಪಾರದರ್ಶಕ, ಎರಡೂ ಬೆರೆತರೆ ಮುತ್ತಿನ ಚಿಪ್ಪಿನ ಹೊಳಪು. ಎರಡೂ ಒಂದರೊಳಗೊಂದು ಕರಗುವುದಿಲ್ಲ, ಸೂಚ್ಯಂಕವೂ ಬೇರೆ. ಕಣ್ಣಿಗೆ ಗಾಜೇ ಆದ ಪಾಲಿಸ್ಟೈರೀನ್ ಕೂಡ ಅಕ್ರಿಲಿಕ್‌ಗೆ ಬಿದ್ದರೆ ಹಾಲಾಗುತ್ತದೆ. ನಮ್ಮ ದೊಡ್ಡ ಮೆಷಿನಿನಲ್ಲಿ ಮೊದಲು ಅಕ್ರಿಲಿಕ್ ಓಡುತ್ತಿತ್ತು. ಮೊದಲ ದಿನದ ಕವರುಗಳಲ್ಲಿ ಕಂಡ ಬಿಳಿ ಸುಳಿ ಅದರದ್ದೇ. ಹಳದಿಯ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಮೋಲ್ಡಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಮೇಲ್ಮೈ ಮಬ್ಬಿನ ದೊಡ್ಡ ಕಾರಣ. ತುಂಡು ಅಂಟುತ್ತದೆ ಎಂದು ಪ್ರತಿ ಐದು ಶಾಟಿಗೆ ಸ್ಪ್ರೇ ಹೊಡೆಯುವ ಬದಲು ಮೋಲ್ಡ್ ಪಾಲಿಶ್ ಮಾಡಿಸಿ. ಅಕ್ರಿಲಿಕ್ ಮೇಲಿನ ಜಿಡ್ಡನ್ನು ಸ್ಪಿರಿಟ್ ಹಾಕಿ ಉಜ್ಜಬೇಡಿ, ಒತ್ತಡ ಇರುವ ಕಡೆ ಜೇಡರ ಬಲೆಯಂಥ ಸಣ್ಣ ಬಿರುಕು ಬರುತ್ತದೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ಗಿರಾಕಿ ಅಂಕಿ ಕೇಳಿದರೆ ಹತ್ತಿರದ ಯಾವುದಾದರೂ ಲ್ಯಾಬಿನಲ್ಲಿ ಎಎಸ್‌ಟಿಎಂ ಡಿ1003 ಎಂಬ ಪರೀಕ್ಷಾ ಮಾನದಂಡದ ಪ್ರಕಾರ ಹೇಝ್ (ಮಬ್ಬು), ಇ313 ಪ್ರಕಾರ ಯೆಲ್ಲೋನೆಸ್ ಇಂಡೆಕ್ಸ್ (ಹಳದಿಯ ಅಳತೆ) ಅಳೆಸಿ. ನೇರ ದಾರಿಯಿಂದ 2.5 ಡಿಗ್ರಿಗಿಂತ ಜಾಸ್ತಿ ಓರೆಯಾದ ಬೆಳಕನ್ನು ಹೇಝ್ ಎಂದು ಎಣಿಸುತ್ತಾರೆ. ಒಂದು ಎಚ್ಚರಿಕೆ. ಯೆಲ್ಲೋನೆಸ್ ಇಂಡೆಕ್ಸ್ ಒಂದನ್ನೇ ನೋಡಿದರೆ ನಮ್ಮ ಬೂದು ಕವರು ಫಸ್ಟ್ ಕ್ಲಾಸ್ ಪಾಸಾಗುತ್ತದೆ. ಒಟ್ಟು ಬೆಳಕು ಎಷ್ಟು ದಾಟುತ್ತದೆ ಎನ್ನುವುದನ್ನು ಜತೆಗೇ ಕೇಳಿ.

ಮೆಷಿನ್ ನಿಲ್ಲಿಸುವಾಗ

ಚಹಾಕ್ಕೆ ಹದಿನೈದು ನಿಮಿಷ ಹೋಗುವುದಾದರೂ ಬ್ಯಾರಲ್ 290ರಲ್ಲಿ ತುಂಬಿಟ್ಟು ಹೋಗಬೇಡಿ. ಮಾಲು ಹೊರಗೆ ಬಿಟ್ಟು, ಬಿಸಿ ಇಳಿಸಿ ಹೋಗಿ. ಬಂದ ಮೇಲೆ ಮೊದಲಿನ ಐದಾರು ಶಾಟ್ ಬೇರೆ ಡಬ್ಬಿಗೆ ಹಾಕಿ. ಅದನ್ನು ಒಳ್ಳೆಯದರ ಜತೆ ಸೇರಿಸಿದ್ದಕ್ಕೆ ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಬಣ್ಣದ ಕವರು ಮಲ್ಪೆಗೆ ಹೋಗಿತ್ತು.

ರಾತ್ರಿಗೆ ನಿಲ್ಲಿಸುವಾಗ ಪಾಲಿಕಾರ್ಬೊನೇಟ್ ಬ್ಯಾರಲನ್ನು ಪೂರ್ತಿ ಆರಲು ಬಿಡಬೇಡಿ, 170 ಡಿಗ್ರಿ ಆಸುಪಾಸು ಹಿಡಿದಿಡಿ. ಅದು ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ. ಆರಿ ಕುಗ್ಗುವಾಗ ಸ್ಕ್ರೂ, ಬ್ಯಾರಲಿನ ಮೇಲ್ಮೈಯನ್ನೇ ಕಿತ್ತು ತರುತ್ತದೆ. ಮರುದಿನ ಬರುವ ಕಪ್ಪು ಚುಕ್ಕಿಗೆ ಅದೂ ಒಂದು ಮೂಲ. ರಾತ್ರಿ ಕರೆಂಟ್ ಹೋಗುವುದು ನಮ್ಮ ಕಡೆ ಮಳೆಗಾಲದಲ್ಲಿ ಮಾಮೂಲು. ಹಾಗಾಗಿ ಪಾಲಿಕಾರ್ಬೊನೇಟ್ ತುಂಬಿಟ್ಟು ಹೋಗದೆ, ಸಂಜೆಯೇ ಪರ್ಜ್ ಮಾಲು ಹಾಕಿ ಬ್ಯಾರಲ್ ತೊಳೆದು ಖಾಲಿ ಮಾಡುತ್ತೇವೆ.

ಈಗ ನಮ್ಮ ನೇರಳೆ ಡೋಸ್ ಅರ್ಧ ಪಿಪಿಎಂ. ಮೋಲ್ಡ್ ಯಾವ ಮೆಷಿನಿನಲ್ಲಿ ಕೂತಿದೆ ಎನ್ನುವುದನ್ನು ನೋಟ್‌ಬುಕ್ಕಿನಲ್ಲಿ ದಿನದ ಮೊದಲ ಸಾಲಿನಲ್ಲೇ ಬರೆಯುತ್ತೇವೆ, ಅದರ ಕೆಳಗೆ ಮಳೆ ಉಂಟಾ ಇಲ್ಲವಾ ಎಂದು.